ರಸ್ತೆಯಲ್ಲಿ ಕುಳಿತು ಕೇಳಿದ ಕೂಲಿ

2014ರ ಸೆಪ್ಟೆಂಬರ್ 4, ಗುರುವಾರ. ಅಮೆರಿಕದ ನ್ಯೂಯಾರ್ಕ್, ಷಿಕಾಗೊ, ಡೆಟ್ರಾಯಿಟ್ ಮೊದಲಾದ ನಗರಗಳಲ್ಲಿ ಅಂದು ಒಂದೇ ಬಗೆಯ ದೃಶ್ಯ ಕಂಡುಬಂತು. ಹ್ಯಾಂಬರ್ಗರ್, ಹುರಿದ ಆಲೂಗೆಡ್ಡೆ, ಕರಿದ ಕೋಳಿ ಮಾರುವ ಸಿದ್ಧ ಆಹಾರದ ಅಂಗಡಿಗಳ ನೌಕರರು ನಡುರಸ್ತೆಗೆ ಬಂದು ಸಾಲಾಗಿ ಕುಳಿತರು. ವಾಹನಗಳು ನಿಂತವು. ಪೊಲೀಸರು ಎಚ್ಚರಿಕೆ ಕೊಟ್ಟರು. ಏಳದವರನ್ನು ಬಂಧಿಸಿ ಕರೆದೊಯ್ದರು. ಆ ದಿನ ಸುಮಾರು 150 ನಗರಗಳಲ್ಲಿ ಪ್ರತಿಭಟನೆ ನಡೆಯಿತು. ಬಂಧಿತರಾದವರು 400ಕ್ಕೂ ಹೆಚ್ಚು ಎಂದು ಸಂಘಟಕರು ಲೆಕ್ಕ ಕೊಟ್ಟರು. ವಿಸ್ಕಾನ್ಸಿನ್ ರಾಜ್ಯದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾಗಿದ್ದ ಗ್ವೆನ್ ಮೂರ್ ಅವರೂ ಬಂಧಿತರಲ್ಲಿ ಒಬ್ಬರು. ಬೇಡಿಕೆ ಎರಡೇ: ಗಂಟೆಗೆ 15 ಡಾಲರ್ ಕೂಲಿ ಮತ್ತು ಸಂಘ ಕಟ್ಟುವ ಹಕ್ಕು.

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಈ ನೌಕರರ ಜಗಳ ಇರುವುದು ಅಂಗಡಿಯ ಮಾಲೀಕನೊಡನೆ. ರಸ್ತೆಯಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದ್ದವನಿಗೂ ಹ್ಯಾಂಬರ್ಗರ್ ಮಾಡುವವನ ಸಂಬಳಕ್ಕೂ ಏನು ಸಂಬಂಧ? ಅಂಗಡಿಯ ಕೆಲಸ ನಿಲ್ಲಿಸಿದರೆ ಸಾಲದೆ? ದೂರದರ್ಶನದ ಸುದ್ದಿಯಲ್ಲಿ ರಸ್ತೆ ತಡೆಯ ಚಿತ್ರ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೂ ಇದೇ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ, ಕೂಲಿ ಎಂಬುದು ಹೇಗೆ ನಿಗದಿಯಾಗುತ್ತದೆ ಎಂಬ ಇನ್ನೂ ದೊಡ್ಡ ಪ್ರಶ್ನೆಗೆ ಬಂದು ಸೇರುತ್ತೇವೆ.

ಮುಷ್ಕರದ ಬಲ ಎಲ್ಲಿದೆ?

ವಿಮಾನದ ಪೈಲಟ್‌ಗಳು ಮುಷ್ಕರ ಹೂಡಿದರೆ ವಿಮಾನ ನೆಲದ ಮೇಲೆಯೇ ನಿಲ್ಲುತ್ತದೆ. ಅವರ ಜಾಗಕ್ಕೆ ನಾಳೆ ಬೆಳಿಗ್ಗೆ ಬೇರೆಯವರನ್ನು ತರಲು ಆಗದು. ವಿದ್ಯುತ್ ಕೇಂದ್ರದ ಎಂಜಿನಿಯರುಗಳು ಕೆಲಸ ಬಿಟ್ಟರೆ ಸಂಜೆಯೊಳಗೆ ಮಾತುಕತೆಗೆ ಕರೆ ಬರುತ್ತದೆ. ಮುಷ್ಕರದ ಬಲ ಇರುವುದು ಎರಡು ಸಂಗತಿಗಳಲ್ಲಿ: ಕೆಲಸ ನಿಂತರೆ ಏನು ನಿಲ್ಲುತ್ತದೆ, ಮತ್ತು ನಿಲ್ಲಿಸಿದವರ ಜಾಗಕ್ಕೆ ಬೇರೆಯವರು ಎಷ್ಟು ಬೇಗ ಸಿಗುತ್ತಾರೆ.

ಈಗ ಸಿದ್ಧ ಆಹಾರದ ಅಂಗಡಿಯನ್ನು ನೋಡಿ. ಅಲ್ಲಿನ ಕೆಲಸವನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು. ಒಬ್ಬ ಹೋದರೆ ಇನ್ನೊಬ್ಬ ಸಿಗುತ್ತಾನೆ. ಈ ಚಳವಳಿಯ ಮೊದಲ ಮುಷ್ಕರ ನಡೆದದ್ದು 2012ರ ನವೆಂಬರ್ 29ರಂದು, ನ್ಯೂಯಾರ್ಕ್ ನಗರದಲ್ಲಿ. ಸುಮಾರು 200 ಜನ ಕೆಲಸ ಬಿಟ್ಟು ಹೊರಬಂದರು. ಪತ್ರಿಕೆಗಳು ಬರೆದವು, ವ್ಯಾಪಾರ ಮಾತ್ರ ನಡೆದೇ ಇತ್ತು. ಒಂದು ಅಂಗಡಿ ಮುಚ್ಚಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ, ಅಷ್ಟೆ.

ಇನ್ನೊಂದು ತೊಡಕೂ ಇತ್ತು. ಮಾಲೀಕ ಯಾರು? ಅಮೆರಿಕದಲ್ಲಿರುವ ಮೆಕ್‌ಡೊನಾಲ್ಡ್ಸ್ ಅಂಗಡಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಆಗ ಕಂಪನಿಯೇ ನಡೆಸುತ್ತಿರಲಿಲ್ಲ. ಹೆಸರಿನ ಹಕ್ಕು ಪಡೆದ ಸ್ಥಳೀಯ ಫ್ರಾಂಚೈಸಿಗಳು ನಡೆಸುತ್ತಿದ್ದರು. ಕಂಪನಿಗೆ ಮಾರಾಟದ ಒಂದು ಪಾಲು ಮತ್ತು ಬಾಡಿಗೆ ಸಲ್ಲುತ್ತದೆ. ಯಾವ ಯಂತ್ರ, ಯಾವ ತಿನಿಸು, ಯಾವ ಸಮವಸ್ತ್ರ ಎಂಬುದನ್ನು ಕಂಪನಿ ಹೇಳುತ್ತದೆ. ಸಂಬಳ ಎಷ್ಟು ಎಂಬುದನ್ನು ಮಾತ್ರ ಫ್ರಾಂಚೈಸಿ ಹೇಳಬೇಕು. ನೌಕರ ಹೋಗಿ ಕೇಳಿದರೆ, ‘ನನ್ನ ಲಾಭವೇ ಚೂರು, ಇದರಲ್ಲಿ ಎಲ್ಲಿಂದ ಕೊಡಲಿ?’ ಎಂದು ಫ್ರಾಂಚೈಸಿ ಹೇಳುತ್ತಾನೆ. ಕಂಪನಿಯನ್ನು ಕೇಳಿದರೆ, ‘ಅವರು ನಮ್ಮ ನೌಕರರಲ್ಲ’ ಎನ್ನುತ್ತದೆ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜವಿದೆ. ನೌಕರನಿಗೆ ಮಾತ್ರ ಯಾರ ಬಾಗಿಲು ಬಡಿಯಬೇಕೆಂದು ತಿಳಿಯುವುದಿಲ್ಲ.

2014ರ ಜುಲೈನಲ್ಲಿ ಷಿಕಾಗೊ ಬಳಿ ಸುಮಾರು 1,300 ನೌಕರರು ಸಭೆ ಸೇರಿ, ಅಹಿಂಸಾತ್ಮಕ ಕಾನೂನುಭಂಗಕ್ಕೆ ಇಳಿಯಲು ನಿರ್ಧರಿಸಿದರು. ಸೇವಾವಲಯದ ನೌಕರರ ಒಂದು ದೊಡ್ಡ ಕಾರ್ಮಿಕ ಸಂಘ ಈ ಚಳವಳಿಗೆ ಹಣ ಮತ್ತು ಸಂಘಟಕರನ್ನು ಒದಗಿಸಿತ್ತು. ಆದ್ದರಿಂದ ಇದು ತಾನಾಗಿ ಎದ್ದ ಕೂಗಲ್ಲ ಎಂದು ವಿರೋಧಿಗಳು ಟೀಕಿಸಿದರು. ಹಣ ಎಲ್ಲಿಂದ ಬಂತೆಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಹೊರಗಿನ ನೆರವಿಲ್ಲದೆ ಗಂಟೆಗೆ ಎಂಟೊಂಬತ್ತು ಡಾಲರ್ ದುಡಿಯುವವರು ನೂರೈವತ್ತು ನಗರಗಳಲ್ಲಿ ಒಂದೇ ದಿನ ಒಟ್ಟುಗೂಡುವುದು ಹೇಗೆ ಎಂಬುದೂ ಪ್ರಶ್ನೆಯೇ.

ಒಟ್ಟಿನಲ್ಲಿ ತನ್ನ ಕೈಯಲ್ಲಿ ನಿಲ್ಲಿಸಬಲ್ಲ ಯಂತ್ರವಿಲ್ಲದವನು, ಎಲ್ಲರಿಗೂ ಬೇಕಾದ ಯಂತ್ರವೊಂದನ್ನು ನಿಲ್ಲಿಸುತ್ತಾನೆ. ಆ ಯಂತ್ರವೇ ರಸ್ತೆ. ಪೈಲಟ್ ರಸ್ತೆಯಲ್ಲಿ ಕೂರುವುದು ಅಪರೂಪ. ಅವನಿಗೆ ಅದರ ಅಗತ್ಯವಿಲ್ಲ.

ಇದರ ಬೆಲೆ ಯಾರು ತೆರುತ್ತಾರೆ ಎಂಬುದನ್ನೂ ಮರೆಯಬಾರದು. ಇನ್ನೂರು ಜನ ಅರ್ಧ ಗಂಟೆ ಕುಳಿತು ಐದು ಸಾವಿರ ಜನರನ್ನು ತಡೆದರು ಎಂದಿಟ್ಟುಕೊಳ್ಳಿ. ಎರಡೂವರೆ ಸಾವಿರ ಗಂಟೆಗಳ ಕಾಲ ವ್ಯರ್ಥವಾಯಿತು. ಆ ಐದು ಸಾವಿರದಲ್ಲಿ ಕಂಪನಿಯ ನಿರ್ದೇಶಕರು ಒಬ್ಬರೂ ಇರಲಿಕ್ಕಿಲ್ಲ. ಆದರೆ ಕಚೇರಿಗಳ ನೆಲ ಒರೆಸಲು ಹೊರಟ ಹೆಂಗಸು ಖಂಡಿತ ಇರುತ್ತಾಳೆ. ತಡವಾದರೆ ಅವಳಿಗೆ ಅರ್ಧ ದಿನದ ಕೂಲಿ ಖೋತಾ. ರೋಗಿಯನ್ನು ಹೊತ್ತ ಆಂಬುಲೆನ್ಸ್ ಇದ್ದರೆ ನಷ್ಟವನ್ನು ಗಂಟೆಗಳಲ್ಲಿ ಅಳೆಯುವಂತೆಯೇ ಇಲ್ಲ. ರಸ್ತೆ ತಡೆಯ ಪರವಾಗಿ ಏನೇ ಹೇಳಿದರೂ ಈ ಲೆಕ್ಕವನ್ನು ಅಳಿಸಲಾಗದು.

ಹಾಗಾದರೆ ರಸ್ತೆಯಲ್ಲಿ ಕುಳಿತದ್ದರಿಂದ ಕೂಲಿ ಏರಿತೇ? ಕಾಲಕ್ರಮವನ್ನು ಗಮನಿಸಿ. ವಾಷಿಂಗ್‌ಟನ್ ರಾಜ್ಯದ ಸೀಟ್ಯಾಕ್ ಎಂಬ ಪುಟ್ಟ ಊರಿನಲ್ಲಿ, ವಿಮಾನ ನಿಲ್ದಾಣ ಮತ್ತು ಹೋಟೆಲುಗಳ ನೌಕರರಿಗೆ 15 ಡಾಲರ್ ಕೊಡಬೇಕೆಂಬ ಪ್ರಸ್ತಾಪ 2013ರ ನವೆಂಬರ್‌ನಲ್ಲಿ ಜನಮತಕ್ಕೆ ಬಂತು. ಅದು ಗೆದ್ದದ್ದು ಕೇವಲ 77 ಮತಗಳಿಂದ. ನೆರೆಯ ಸಿಯಾಟಲ್ ನಗರಸಭೆ 2014ರ ಜೂನ್‌ನಲ್ಲಿ ಹಂತಹಂತವಾಗಿ 15 ಡಾಲರ್‌ಗೆ ಏರಿಸುವ ಕಾನೂನು ಮಾಡಿತು. ಇವೆರಡೂ ಸೆಪ್ಟೆಂಬರ್‌ನ ರಸ್ತೆ ತಡೆಗಿಂತ ಮೊದಲೇ ಆದವು. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳು 15 ಡಾಲರ್ ಗುರಿಯ ಕಾನೂನಿಗೆ ಸಹಿ ಹಾಕಿದ್ದು ಅದರ ನಂತರ, 2016ರ ಏಪ್ರಿಲ್ 4ರಂದು, ಎರಡೂ ಒಂದೇ ದಿನ. ಕೂಲಿ ಏರಿಸಿದ್ದು ಮತಪೆಟ್ಟಿಗೆ ಮತ್ತು ಶಾಸನಸಭೆಗಳು. ‘15’ ಎಂಬ ಅಂಕಿಯನ್ನು ಎಲ್ಲರ ಬಾಯಿಗೆ ತಂದದ್ದರಲ್ಲಿ ಮುಷ್ಕರ ಮತ್ತು ರಸ್ತೆಯ ಪಾಲು ದೊಡ್ಡದು. ಇದಕ್ಕಿಂತ ಹೆಚ್ಚನ್ನು ಖಚಿತವಾಗಿ ಹೇಳುವುದು ಕಷ್ಟ.

ಬೆಂಗಳೂರಿನ ಎರಡು ದಿನ

ಕೈಯಲ್ಲಿ ಬೇರೆ ಬಲವಿಲ್ಲದವರು ರಸ್ತೆಗೆ ಇಳಿಯುತ್ತಾರೆ ಎಂಬ ಮಾತನ್ನು ನಮ್ಮಲ್ಲೇ ನಡೆದ ಒಂದು ಘಟನೆಯಿಂದ ಪರೀಕ್ಷಿಸಬಹುದು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದರು. ಊರಿನ ಸಂಚಾರ ಅಸ್ತವ್ಯಸ್ತವಾಯಿತು.

ಅವರು ಕೂಲಿ ಹೆಚ್ಚಿಸಿ ಎಂದು ಕೇಳಲಿಲ್ಲ. ಕೂಲಿಯಲ್ಲೇ ಉಳಿಸಿದ ಹಣ ತಮಗೆ ಸಿಗಲಿ ಎಂದರು. ವಿವರ ಹೀಗಿದೆ: ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ನಿರುದ್ಯೋಗಿಯಾಗಿದ್ದರೆ ಭವಿಷ್ಯ ನಿಧಿಯ ಪೂರ್ತಿ ಹಣ ತೆಗೆಯಬಹುದಿತ್ತು. 2016ರ ಫೆಬ್ರವರಿ 10ರ ಕೇಂದ್ರ ಸರ್ಕಾರದ ಅಧಿಸೂಚನೆ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ವೃದ್ಧಾಪ್ಯಕ್ಕೆ ಹಣ ಉಳಿಯಲಿ ಎಂಬುದು ಇದರ ಉದ್ದೇಶ. ಕಾಗದದ ಮೇಲೆ ತಪ್ಪಿಲ್ಲ. ಆದರೆ ಹೊಲಿಗೆ ಯಂತ್ರದ ಮುಂದೆ 58ರವರೆಗೆ ಕೂರುವವರು ಎಷ್ಟು ಜನ? ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಆ ಗಂಟನ್ನು ತೆಗೆದು ಸಾಲ ತೀರಿಸುವುದು, ಮಗಳ ಮದುವೆ ಮಾಡುವುದು, ಮಗನ ಕಾಲೇಜು ಶುಲ್ಕ ಕಟ್ಟುವುದು ಇಲ್ಲಿನ ಬದುಕಿನ ಕ್ರಮವಾಗಿತ್ತು. ತಿಂಗಳ ಕೂಲಿಯಲ್ಲಿ ಒಂದು ಪೈಸೆಯೂ ಉಳಿಯದವರಿಗೆ ಭವಿಷ್ಯ ನಿಧಿಯೇ ಏಕೈಕ ಉಳಿತಾಯ ಖಾತೆ.

ಎರಡನೆಯ ದಿನ ಪ್ರತಿಭಟನೆ ಕೈಮೀರಿತು. ಬಸ್ಸುಗಳು ಸುಟ್ಟವು, ಹೆಬ್ಬಗೋಡಿಯ ಪೊಲೀಸ್ ಠಾಣೆಯ ಮೇಲೆ ದಾಳಿ ಆಯಿತು, ಲಾಠಿ ಮತ್ತು ಅಶ್ರುವಾಯು ಪ್ರಯೋಗವಾಯಿತು. ಅಂದೇ ಸಂಜೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು.

ಇದರ ಪಕ್ಕದಲ್ಲಿ ಅದೇ ವರ್ಷದ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಫೆಬ್ರವರಿ 29ರ ಕೇಂದ್ರ ಆಯವ್ಯಯದಲ್ಲಿ, ಭವಿಷ್ಯ ನಿಧಿಯಿಂದ ತೆಗೆಯುವ ಹಣದ ಒಂದು ಭಾಗಕ್ಕೆ ತೆರಿಗೆ ಹಾಕುವ ಪ್ರಸ್ತಾಪವಿತ್ತು. ಇದು ತಟ್ಟುತ್ತಿದ್ದದ್ದು ಮುಖ್ಯವಾಗಿ ಮಧ್ಯಮ ವರ್ಗದ ಸಂಬಳದಾರರಿಗೆ. ಪತ್ರಿಕೆಗಳು ಬರೆದವು, ಟೆಲಿವಿಷನ್ ಚರ್ಚೆಗಳು ನಡೆದವು, ಸಂಸತ್ತಿನಲ್ಲಿ ಮಾತಾಯಿತು. ಮಾರ್ಚ್ 8ರಂದು ಹಣಕಾಸು ಸಚಿವ ಅರುಣ್ ಜೇಟ್ಲಿ ಆ ಪ್ರಸ್ತಾಪವನ್ನು ಕೈಬಿಟ್ಟರು. ಎಂಟೇ ದಿನ, ಒಂದು ರಸ್ತೆಯನ್ನೂ ತಡೆಯದೆ! ಒಂದೇ ನಿಧಿ, ಎರಡು ವರ್ಗ. ಒಬ್ಬರ ದನಿ ಕುಳಿತಲ್ಲಿಂದಲೇ ದೆಹಲಿಗೆ ಕೇಳಿತು. ಇನ್ನೊಬ್ಬರು ಹೊಸೂರು ರಸ್ತೆಗೆ ಬಂದು ನಿಲ್ಲಬೇಕಾಯಿತು. ಬಸ್ಸಿಗೆ ಬೆಂಕಿ ಇಟ್ಟದ್ದನ್ನು ಇದರಿಂದ ಸಮರ್ಥಿಸಲಾಗದು. ಬಸ್ಸಿನಲ್ಲಿ ಓಡಾಡುವವರು ಅವರಂಥವರೇ. ಆದರೆ ರಸ್ತೆ ತಡೆಯನ್ನು ಬರೀ ಪುಂಡಾಟ ಎಂದು ತಳ್ಳಿಹಾಕುವವರು ಈ ಎರಡು ತಿಂಗಳ ದಿನಚರಿಯನ್ನು ಒಮ್ಮೆ ಓದಬೇಕು.

ಕಾನೂನಿನ ಸ್ಥಿತಿ ಏನು? ಶಾಂತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ಅದರ ಮೇಲೆ ಯುಕ್ತ ನಿರ್ಬಂಧಗಳನ್ನು ಹೇರಬಹುದೆಂದೂ ಹೇಳಿದೆ. ಬೀದಿಗಳಲ್ಲಿ ಸಭೆಗಳನ್ನು ಸಾರಾಸಗಟಾಗಿ ನಿಷೇಧಿಸುವ ಅಧಿಕಾರ ಪೊಲೀಸರಿಗಿಲ್ಲ ಎಂದು ಅಹಮದಾಬಾದಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ ಹೇಳಿತು. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿ ಕೂರುವಂತಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ, ದೆಹಲಿಯ ಶಾಹೀನ್ ಬಾಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಬೆಂಗಳೂರಿನಲ್ಲಿ 2021ರ ಪರವಾನಗಿ ಆದೇಶ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಆ ಉದ್ಯಾನ ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಜಾಗ. ಸಂಚಾರಕ್ಕೆ ಇದರಿಂದ ಅನುಕೂಲವಾಯಿತು ನಿಜ. ಯಾರಿಗೂ ಅಡ್ಡಿಯಾಗದ ಜಾಗದಲ್ಲಿ ಕೂಗಿದ್ದು ಯಾರಿಗಾದರೂ ಕೇಳಿಸುತ್ತದೆಯೇ ಎಂಬುದನ್ನು ವಿದ್ಯಾರ್ಥಿಗಳು ತಮ್ಮಲ್ಲೇ ಚರ್ಚಿಸಲಿ.

‘ಅಕುಶಲ’ ಎಂದರೇನು?

ಇನ್ನು ಕೂಲಿಯ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ 15 ಡಾಲರ್ ಬೇಡಿಕೆ ಬಂದಾಗ ಎಲ್ಲ ಕಡೆ ಒಂದೇ ಆಕ್ಷೇಪ ಕೇಳಿಬಂತು: ತರಬೇತಿ ಪಡೆದು, ಪರೀಕ್ಷೆ ಪಾಸು ಮಾಡಿ, ಆಂಬುಲೆನ್ಸಿನಲ್ಲಿ ಪ್ರಾಣ ಉಳಿಸುವವನಿಗೇ ಗಂಟೆಗೆ 15 ಡಾಲರ್ ಸಿಗುವ ಊರುಗಳಿವೆ, ಹ್ಯಾಂಬರ್ಗರ್ ತಿರುವಿ ಹಾಕುವವನಿಗೂ ಅಷ್ಟೇ ಕೊಡಬೇಕೇ? ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ಹಗುರವಾಗಿ ಕಾಣಬಾರದು. ಕಷ್ಟಪಟ್ಟು ಒಂದು ಮೆಟ್ಟಿಲು ಹತ್ತಿದವನಿಗೆ ಕೆಳಗಿನ ಮೆಟ್ಟಿಲೇ ಎತ್ತರವಾಗಿ ತನ್ನ ಸಮಕ್ಕೆ ಬಂದಾಗ ಹಾಗೆನ್ನಿಸುವುದು ಸಹಜ. ಆದರೆ ಆಂಬುಲೆನ್ಸಿನವನ ಕೂಲಿ ಕಡಿಮೆ ಎಂಬುದಕ್ಕೆ ಕಾರಣ ಅಡುಗೆಯವನ ಕೂಲಿ ಅಲ್ಲವಷ್ಟೆ. ಅನುಭವದಲ್ಲಿ ಕಂಡದ್ದೇನೆಂದರೆ, ಕೆಳಗಿನ ಕೂಲಿ ಏರಿದಾಗ ಅದರ ಸ್ವಲ್ಪ ಮೇಲಿನವರ ಕೂಲಿಯೂ ತುಸು ಏರುತ್ತದೆ.

ಕೂಲಿಯ ಪಟ್ಟಿಗಳಲ್ಲಿ ‘ಅಕುಶಲ’ ಎಂಬ ಪದ ಇದೆ. ನಮ್ಮ ಕಾನೂನಿನಲ್ಲೂ ಅಕುಶಲ, ಅರೆ ಕುಶಲ, ಕುಶಲ, ಅತಿ ಕುಶಲ ಎಂಬ ವರ್ಗಗಳಿವೆ. ಇದರ ನಿಜವಾದ ಅರ್ಥ, ಆ ಕೆಲಸ ಕಲಿಯಲು ಹಿಡಿಯುವ ಕಾಲ ಕಡಿಮೆ ಎಂದು. ಕಲಿಯುವ ಕಾಲ ಕಡಿಮೆಯಾದ್ದರಿಂದ ಮಾಡಬಲ್ಲವರು ಹೆಚ್ಚು. ಹೆಚ್ಚು ಜನ ಇರುವುದರಿಂದ ಕೂಲಿ ಕಡಿಮೆ. ಕೆಲಸ ಸುಲಭ ಎಂದಾಗಲಿ, ಅಗತ್ಯ ಕಡಿಮೆ ಎಂದಾಗಲಿ ಇದರರ್ಥವಲ್ಲ. ಗದ್ದೆಗೆ ಇಳಿದು ಅರ್ಧ ದಿನ ಬೆನ್ನು ಬಗ್ಗಿಸಿ ನಾಟಿ ಮಾಡಿ ನೋಡಿದವರು ಆ ಪದವನ್ನು ಮತ್ತೆ ಬಳಸುವ ಮುನ್ನ ಯೋಚಿಸುತ್ತಾರೆ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಮನೆಯಲ್ಲೇ ಇರಿ ಎಂದು ಎಲ್ಲರಿಗೂ ಹೇಳಿದಾಗ, ಹೊರಗೆ ಬಂದು ದುಡಿಯಲೇಬೇಕು ಎಂದು ಪಟ್ಟಿ ಮಾಡಿದವರಲ್ಲಿ ಪೌರಕಾರ್ಮಿಕರು, ದಿನಸಿ ಅಂಗಡಿಯವರು, ಸರಕು ಸಾಗಿಸುವವರು ಇದ್ದರೆಂಬುದು ನಿಮಗೆಲ್ಲ ನೆನಪಿದೆ.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದ ಕೇಂದ್ರ ಕನಿಷ್ಠ ವೇತನದ ಕಾನೂನು 1938ರದು. ಆಗ ಗಂಟೆಗೆ 25 ಸೆಂಟ್. 2009ರ ಜುಲೈನಲ್ಲಿ ಅದು 7.25 ಡಾಲರ್ ಆಯಿತು. ವಾರಕ್ಕೆ 40 ಗಂಟೆಯಂತೆ ವರ್ಷದ 52 ವಾರವೂ ದುಡಿದರೆ ಸಿಗುವುದು 15,080 ಡಾಲರ್. 2014ರಲ್ಲಿ ಮೂವರ ಕುಟುಂಬಕ್ಕೆ ಆ ಸರ್ಕಾರವೇ ಹಾಕಿದ ಬಡತನದ ರೇಖೆ 19,790 ಡಾಲರ್. ಅಂದರೆ ಒಂದು ದಿನವೂ ರಜೆ ಹಾಕದೆ ದುಡಿದ ತಾಯಿ, ಇಬ್ಬರು ಮಕ್ಕಳೊಡನೆ, ಸರ್ಕಾರದ ಲೆಕ್ಕದಲ್ಲೇ ಬಡವಳು. ರಸ್ತೆಯಲ್ಲಿ ಕುಳಿತವರ ವಾದದ ತಿರುಳು ಇದು.

ಇದಕ್ಕೆ ಎದುರಾದ ವಾದವೂ ಸರಳವೇ. ಯಾವುದೇ ವಸ್ತುವಿನ ಬೆಲೆ ಏರಿದರೆ ಕೊಳ್ಳುವವರು ಕಡಿಮೆ ಕೊಳ್ಳುತ್ತಾರೆ. ದುಡಿಮೆಯ ಬೆಲೆ ಏರಿದರೆ ಮಾಲೀಕ ನಾಲ್ವರ ಜಾಗದಲ್ಲಿ ಮೂವರನ್ನು ಇಟ್ಟುಕೊಳ್ಳುತ್ತಾನೆ, ಅಥವಾ ಆರ್ಡರ್ ತೆಗೆದುಕೊಳ್ಳಲು ಯಂತ್ರ ನಿಲ್ಲಿಸುತ್ತಾನೆ. ಯಾರಿಗಾಗಿ ಕಾನೂನು ಮಾಡಿದೆವೋ ಅವರೇ ಬೀದಿಗೆ ಬೀಳುತ್ತಾರೆ. ಕಾಲೇಜಿನ ಅರ್ಥಶಾಸ್ತ್ರದ ಮೊದಲ ವರ್ಷದ ಪುಸ್ತಕದಲ್ಲಿ ಈ ರೇಖಾಚಿತ್ರವನ್ನು ನೀವು ನೋಡಿಯೇ ಇರುತ್ತೀರಿ.

ಈ ರೇಖಾಚಿತ್ರವನ್ನು ಅಂಗಡಿಗಳಿಗೇ ಹೋಗಿ ಪರೀಕ್ಷಿಸಿದವರು ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು 4.25ರಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಗಡಿಯ ಈ ಕಡೆ ಆ ಕಡೆ ಜನ, ಹವೆ, ವ್ಯಾಪಾರ ಎಲ್ಲ ಒಂದೇ. ಕಾನೂನು ಮಾತ್ರ ಬೇರೆ. ಪ್ರಯೋಗಾಲಯದಲ್ಲಿ ಸಿಗದಂಥ ಅವಕಾಶ! ಇಬ್ಬರೂ ಎರಡೂ ಕಡೆಯ 410 ಸಿದ್ಧ ಆಹಾರದ ಅಂಗಡಿಗಳನ್ನು ಏರಿಕೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ವಿಚಾರಿಸಿದರು. 1994ರಲ್ಲಿ ಪ್ರಕಟವಾದ ಅವರ ಫಲಿತಾಂಶ: ನ್ಯೂಜೆರ್ಸಿಯಲ್ಲಿ ಉದ್ಯೋಗ ಕುಸಿದದ್ದಕ್ಕೆ ಯಾವ ಸೂಚನೆಯೂ ಇಲ್ಲ. ದೊಡ್ಡ ವಿವಾದವೇ ಎದ್ದಿತು. ಬೇರೆ ಅರ್ಥಶಾಸ್ತ್ರಜ್ಞರು ಅಂಗಡಿಗಳ ವೇತನ ದಾಖಲೆಗಳನ್ನು ಹಿಡಿದು ಉದ್ಯೋಗ ಕಡಿಮೆಯಾಗಿದೆ ಎಂದರು. ಇವರು ಸರ್ಕಾರಿ ಅಂಕಿಗಳನ್ನು ಹಿಡಿದು ಮತ್ತೆ ಉತ್ತರಿಸಿದರು. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಬೆಲೆ ಏರಿದರೂ ಕೊಳ್ಳುವುದು ಕಡಿಮೆಯಾಗದಿರುವುದು ಹೇಗೆ? ಒಂದು ವಿವರಣೆ ನಮ್ಮ ಕಬ್ಬು ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಸುತ್ತಮುತ್ತ ಒಂದೇ ಸಕ್ಕರೆ ಕಾರ್ಖಾನೆ ಇದ್ದರೆ, ಕಡಿದ ಕಬ್ಬನ್ನು ದೂರ ಒಯ್ಯಲಾಗದ ರೈತ ಅವರು ಹೇಳಿದ ದರಕ್ಕೇ ಕೊಡಬೇಕು. ಆ ದರ ಕಬ್ಬಿನ ನಿಜವಾದ ಬೆಲೆಗಿಂತ ಕಡಿಮೆ ಇರಬಹುದು. ಸರ್ಕಾರ ಕನಿಷ್ಠ ದರ ಗೊತ್ತುಮಾಡಿದರೆ ಕಾರ್ಖಾನೆ ಕಬ್ಬು ಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ತನ್ನ ಲಾಭದಿಂದ ಕೊಡುತ್ತದೆ. ದುಡಿಮೆಯ ಮಾರುಕಟ್ಟೆಯಲ್ಲೂ ಹೀಗಿರಬಹುದು. ಕೊಳ್ಳುವವರು ಕೆಲವರೇ, ಕಾರ್ಮಿಕ ಊರು ಬಿಟ್ಟು ಹೋಗಲಾರ. ಆಗ ಕನಿಷ್ಠ ವೇತನ ಉದ್ಯೋಗವನ್ನು ಕೊಲ್ಲದೆ ಕೂಲಿಯನ್ನು ಏರಿಸಬಲ್ಲದು. ಸ್ವಲ್ಪ ಭಾರ ಗಿರಾಕಿಯ ಮೇಲೂ ಬೀಳುತ್ತದೆ. ನೂರು ರೂಪಾಯಿಯ ತಿಂಡಿಯಲ್ಲಿ ಮೂವತ್ತು ರೂಪಾಯಿ ಕೂಲಿಯ ಪಾಲು ಎಂದುಕೊಂಡರೆ, ಕೂಲಿ ನೂರಕ್ಕೆ ಹತ್ತು ಏರಿದಾಗ ತಿಂಡಿಯ ಬೆಲೆ ಹೆಚ್ಚೆಂದರೆ ಮೂರು ರೂಪಾಯಿ ಏರೀತು.

ಹಾಗೆಂದು ಎಷ್ಟು ಬೇಕಾದರೂ ಏರಿಸಬಹುದೇ? ಇಲ್ಲ. ಕಾರ್ಖಾನೆಯ ಲಾಭಕ್ಕೂ ಒಂದು ತಳವಿದೆ. ಆ ತಳ ಎಲ್ಲಿದೆ ಎಂಬುದರ ಮೇಲೆಯೇ ಇಂದಿನ ಜಗಳ. ಸಿಯಾಟಲ್ ನಗರದಲ್ಲಿ ದೊಡ್ಡ ಸಂಸ್ಥೆಗಳ ವೇತನ 13 ಡಾಲರ್‌ಗೆ ಏರಿದ ಹಂತವನ್ನು 2017ರಲ್ಲಿ ಎರಡು ವಿಶ್ವವಿದ್ಯಾಲಯಗಳು ಅಧ್ಯಯನ ಮಾಡಿದವು. ವಾಷಿಂಗ್‌ಟನ್ ವಿಶ್ವವಿದ್ಯಾಲಯದವರು, ಕಡಿಮೆ ಕೂಲಿಯ ಕೆಲಸದ ಗಂಟೆಗಳು ಶೇ. 9ರಷ್ಟು ಕಡಿಮೆಯಾಗಿ, ಅಂಥ ಕೆಲಸದಿಂದ ಬರುವ ಗಳಿಕೆ ತಿಂಗಳಿಗೆ ಸರಾಸರಿ 125 ಡಾಲರ್ ಇಳಿಯಿತೆಂದರು. ಬರ್ಕ್ಲಿಯವರು, ಆಹಾರದ ಅಂಗಡಿಗಳಲ್ಲಿ ಕೂಲಿ ಏರಿತು, ಉದ್ಯೋಗ ಕಡಿಮೆಯಾಗಲಿಲ್ಲ ಎಂದರು. ಒಂದೇ ಊರು, ಒಂದೇ ಕಾನೂನು! ಮೊದಲಿನವರ ಅಂಕಿಗಳಲ್ಲಿ ಹಲವು ಶಾಖೆಗಳಿರುವ ಸಂಸ್ಥೆಗಳು ಸೇರಿರಲಿಲ್ಲ. ಎರಡನೆಯವರು ಆಹಾರದ ಅಂಗಡಿಗಳನ್ನು ಮಾತ್ರ ನೋಡಿದರು. ಯಾವುದೇ ಸಂಖ್ಯೆಯನ್ನು ನಂಬುವ ಮೊದಲು ಅದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1979ರಿಂದ 2016ರವರೆಗೆ ಅಮೆರಿಕದ ರಾಜ್ಯಗಳಲ್ಲಾದ 138 ಏರಿಕೆಗಳನ್ನು ಒಟ್ಟಿಗೆ ನೋಡಿದ 2019ರ ಒಂದು ಅಧ್ಯಯನ, ಕಡಿಮೆ ಕೂಲಿಯ ಕೆಲಸಗಳ ಒಟ್ಟು ಸಂಖ್ಯೆ ಬದಲಾಗಲಿಲ್ಲ ಎಂದು ಕಂಡುಕೊಂಡಿತು. ಆದರೆ ಆ ಏರಿಕೆಗಳು ಮಿತಿಯೊಳಗೆ ಇದ್ದವು. ಎಲ್ಲ ಕಾರ್ಮಿಕರನ್ನು ಕೂಲಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಕೂಲಿಯ ಶೇ. 59ನ್ನು ಅವು ದಾಟಿರಲಿಲ್ಲ. ಸಿಯಾಟಲ್‌ನಂಥ ಶ್ರೀಮಂತ ನಗರಕ್ಕೆ 15 ಡಾಲರ್ ಈ ಮಿತಿಯ ಹತ್ತಿರ ಇರಬಹುದು. ಮಿಸಿಸಿಪ್ಪಿಯಂಥ ಬಡ ರಾಜ್ಯದಲ್ಲಿ ಅದೇ ಅಂಕಿ ನಡುವಿನವನ ಕೂಲಿಯನ್ನೇ ಮುಟ್ಟಿಬಿಡುತ್ತದೆ. 2025ರೊಳಗೆ ಇಡೀ ದೇಶಕ್ಕೆ 15 ಡಾಲರ್ ಆದರೆ ಏನಾದೀತು ಎಂದು ಅಮೆರಿಕದ ಸಂಸತ್ತಿನ ಆಯವ್ಯಯ ಕಚೇರಿ 2019ರಲ್ಲಿ ಲೆಕ್ಕ ಹಾಕಿತು. 1 ಕೋಟಿ 70 ಲಕ್ಷ ಜನರ ಕೂಲಿ ಏರುತ್ತದೆ, 13 ಲಕ್ಷ ಜನ ಬಡತನದಿಂದ ಮೇಲೆ ಬರುತ್ತಾರೆ, ಸುಮಾರು 13 ಲಕ್ಷ ಉದ್ಯೋಗಗಳು ಹೋಗುತ್ತವೆ. ಉದ್ಯೋಗ ನಷ್ಟ ಸೊನ್ನೆಯೂ ಆಗಬಹುದು, 37 ಲಕ್ಷವೂ ಆಗಬಹುದು ಎಂದೂ ಅದು ಪ್ರಾಮಾಣಿಕವಾಗಿ ಬರೆಯಿತು. ಆ ಕಾನೂನು ಆಗಲಿಲ್ಲ. 2025 ಮುಗಿದಾಗಲೂ ಕೇಂದ್ರದ ದರ 7.25 ಡಾಲರ್‌ನಲ್ಲೇ ನಿಂತಿತ್ತು. ಅತ್ತ ಕ್ಯಾಲಿಫೋರ್ನಿಯಾ 2024ರ ಏಪ್ರಿಲ್ 1ರಿಂದ ದೊಡ್ಡ ಸಿದ್ಧ ಆಹಾರ ಸರಪಳಿಗಳಿಗೆ ಗಂಟೆಗೆ 20 ಡಾಲರ್ ಎಂದು ಮಾಡಿತು; ಅದರ ಪರಿಣಾಮದ ಬಗ್ಗೆಯೂ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ.

ಭಾರತದ ದಾರಿ ಸ್ವಲ್ಪ ಬೇರೆ. ನಮ್ಮ ಕನಿಷ್ಠ ವೇತನ ಕಾಯ್ದೆ 1948ರದು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕೂಲಿಯನ್ನು ಮಾರುಕಟ್ಟೆಯಿಂದ ಲೆಕ್ಕ ಹಾಕಲಿಲ್ಲ, ಅಡುಗೆ ಮನೆಯಿಂದ ಹಾಕಿತು. ಒಂದು ಕುಟುಂಬಕ್ಕೆ ಮೂರು ಊಟದ ಘಟಕ, ಒಬ್ಬರಿಗೆ 2,700 ಕ್ಯಾಲೊರಿ, ವರ್ಷಕ್ಕೆ ಮನೆಮಂದಿಗೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ. ಮಕ್ಕಳ ಶಿಕ್ಷಣ, ಔಷಧಿ ಮೊದಲಾದವಕ್ಕೆ ಇನ್ನೂ ಶೇ. 25 ಸೇರಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಬೆಲೆ ಏರಿದಂತೆ ತುಟ್ಟಿಭತ್ಯೆ ತಾನಾಗಿ ಏರುವ ಏರ್ಪಾಡು ಕರ್ನಾಟಕದ ಕನಿಷ್ಠ ವೇತನದಲ್ಲಿದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇದು ಇಲ್ಲ. ಈ ಒಂದು ಅಂಶದಲ್ಲಿ ನಮ್ಮ ಕಾಗದ ಅವರದಕ್ಕಿಂತ ಮುಂದಿದೆ.

ಕಾಗದ ಎಂದದ್ದಕ್ಕೆ ಕಾರಣವಿದೆ. 2020ರ ಏಪ್ರಿಲ್ 1ರಿಂದ ಬೆಂಗಳೂರಿನ ಉಡುಪು ಕಾರ್ಮಿಕರಿಗೆ ಸಲ್ಲಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ತಿಂಗಳಿಗೆ 26 ದಿನದ ದುಡಿಮೆ ಎಂದು ಹಿಡಿದರೆ ದಿನಕ್ಕೆ ಹದಿನಾರು ರೂಪಾಯಿ. ಸಾಂಕ್ರಾಮಿಕದ ಕಾರಣ ಕೊಟ್ಟು ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು. ಬಾಕಿ ಸಮೇತ ಕೊಡಬೇಕೆಂದು ಹೈಕೋರ್ಟು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೇಳಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಈ ಬಾರಿ ಹೊಸೂರು ರಸ್ತೆಯಲ್ಲಿ 2016ರಂತೆ ವಾಹನಗಳು ನಿಲ್ಲಲಿಲ್ಲ. ಅರ್ಜಿ, ನ್ಯಾಯಾಲಯ, ವಿದೇಶಿ ಖರೀದಿದಾರರಿಗೆ ಪತ್ರ, ಹೀಗೆ ನಡೆಯಿತು. ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದ್ದು 2022ರ ಆರಂಭದ ತಿಂಗಳುಗಳಲ್ಲಿ. ಭವಿಷ್ಯ ನಿಧಿಯ ಅಧಿಸೂಚನೆ ರದ್ದಾಗಲು ಎರಡು ದಿನ ಸಾಕಾಗಿತ್ತು. ದಿನಕ್ಕೆ ಹದಿನಾರು ರೂಪಾಯಿಗೆ ಹೆಚ್ಚುಕಡಿಮೆ ಎರಡು ವರ್ಷ ಬೇಕಾಯಿತು.